ಹಾಲು ಬಣ್ಣದ ನೀರು, ಸೂಜಿ ಹಾಕದ ಡಾಕ್ಟ್ರು

ಹೊಸದಾಗಿ ದೊಡ್ಡ ಮೀನಿನ ತೊಟ್ಟಿ ಇಟ್ಟವರ ಮನೆಯಲ್ಲಿ ಮೊದಲ ವಾರ ಮೀನನ್ನು ಬಿಟ್ಟು ಇನ್ಯಾರಿಗೂ ನೆಮ್ಮದಿ ಇರುವುದಿಲ್ಲ. ಕಡೂರಿನಲ್ಲಿ ನನ್ನದೊಂದು ಅಕ್ವೇರಿಯಂ ಅಂಗಡಿ. ತರೀಕೆರೆ, ಅಜ್ಜಂಪುರದ ಕಡೆಗೂ ನಾನೇ ಹೋಗಿ ತೊಟ್ಟಿ ಕೂರಿಸಿ ಬರುತ್ತೇನೆ. ಕೂರಿಸಿದ ದಿನ ನೀರು ಕನ್ನಡಿ. ಎರಡು ಮೂರು ದಿನ ಕಳೆಯಲಿ, ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ! ಹೊಸ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಒಮ್ಮೆಲೇ ಹೆಚ್ಚಿಕೊಳ್ಳುತ್ತವೆ, ಅಷ್ಟೇ. ‘ಫಿಲ್ಟರ್ ಓಡ್ತಿರಲಿ, ತಿಂಡಿ ಕಮ್ಮಿ ಹಾಕಿ, ಸುಮ್ಮನಿರಿ, ತಾನಾಗೇ ತಿಳಿಯಾಗುತ್ತೆ’ ಅಂತ ಹೇಳಿ ಬರುತ್ತೇನೆ. ಆ ಸುಮ್ಮನಿರೋದು ಇದೆಯಲ್ಲ, ಅದು ಮಾತ್ರ ನಮ್ಮ ಸೀಮೆಯವರ ಕೈಲಾಗದ ಕೆಲಸ.

ನಿನ್ನೆ ನೀರು

ಅಜ್ಜಂಪುರದ ಒಂದು ಮನೆಯಿಂದ ಫೋನು. ‘ತಿಂಗಳಾಗ್ತಾ ಬಂತು ಕಣ್ರೀ, ನೀರು ಇನ್ನೂ ಬೆಳ್ಳಗೇ ಇದೆ.’ ತಿಂಗಳೇ? ತಲೆ ಕೆರೆದುಕೊಂಡು ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಆ ಮನೆಯ ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ನೀರನ್ನು ತಂಬಿಗೆಯಲ್ಲಿ ಮೊಗೆದು ಬಕೆಟ್ಟಿಗೆ ಸುರಿಯುತ್ತಿದ್ದಾರೆ. ದಿನಾ ಬೆಳಿಗ್ಗೆ ಇದೇ ಕೆಲಸವಂತೆ. ಹಳೇ ನೀರು ಚೆಲ್ಲೋದು, ಹೊಸದು ತುಂಬೋದು.

‘ಅಯ್ಯೋ ಅಮ್ಮಾ, ದಿನಾ ನೀರು ಬದಲಾಯಿಸಿದ್ರೆ ಅದು ದಿನಾ ಹೊಸ ತೊಟ್ಟೀನೇ ಆಗುತ್ತೆ. ತಿಳಿಯಾಗೋದು ಹೆಂಗೆ?’ ಅಂದೆ.

ಅವರು ಸೊಂಟಕ್ಕೆ ಕೈ ಕೊಟ್ಟು ನಿಂತರು. ‘ಏನಪ್ಪಾ, ನಿಮ್ಮನೇಲಿ ಹಂಡೆ, ಕೊಡ ತೊಳೆದು ಬೆಳಿಗ್ಗೆ ಹೊಸ ನೀರು ಹಿಡಿಯಲ್ವಾ? ಮನುಷ್ಯರು ಮುಟ್ಟದ ನಿನ್ನೆ ನೀರನ್ನ ಬಾಯಿಲ್ಲದ ಜೀವಕ್ಕೆ ಕುಡಿಸ್ತೀಯಾ?’

ಸೊಸೆಯನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದೆ: ‘ಒಂದು ವಾರ ಇವರನ್ನ ಮಗಳ ಮನೆಗೆ ಕಳಿಸಿ.’ ಸೊಸೆ ಅಷ್ಟೇ ಗುಟ್ಟಾಗಿ ಕೇಳಿದಳು: ‘ಒಂದೇ ವಾರ ಸಾಕಾ ಅಣ್ಣಾ? ಒಂದು ತಿಂಗಳು ಬೇಕು ಅಂತ ನೀವೇ ಅವರಿಗೆ ಹೇಳಿಬಿಡಿ.’

ಏನಾದರೂ ಒಂದು ಹಾಕ್ರೀ

ತರೀಕೆರೆಯಲ್ಲಿ ಮಕ್ಕಳ ಡಾಕ್ಟ್ರು ಒಬ್ಬರಿದ್ದಾರೆ. ಇನ್ನೂ ಹುಡುಗರು, ಬಲು ಒಳ್ಳೆಯವರು. ಒಂದೇ ಒಂದು ದೋಷ, ಸುಮ್ಮಸುಮ್ಮನೆ ಸೂಜಿ ಹಾಕುವುದಿಲ್ಲ. ‘ವೈರಲ್ ಜ್ವರ, ಎರಡು ಮೂರು ದಿನ ಕಾಯಿರಿ, ತಾನಾಗೇ ಇಳಿಯುತ್ತೆ’ ಅನ್ನುತ್ತಾರೆ. ಜನ ಕಾಯುತ್ತಾರೆಯೇ? ‘ಸೂಜಿ ಹಾಕದ ಡಾಕ್ಟ್ರು’ ಅಂತ ಹೆಸರಿಟ್ಟು ಮುಂದಿನ ಬೀದಿಯ ಇನ್ನೊಬ್ಬ ಡಾಕ್ಟ್ರ ಹತ್ತಿರ ಹೋಗಿಬಿಡುತ್ತಿದ್ದರು. ಬೆಂಚು ಖಾಲಿ ಹೊಡೆಯುತ್ತಿತ್ತು. ಮೀನು ನೋಡುವ ನೆಪಕ್ಕಾದರೂ ಮಕ್ಕಳು ಬರಲಿ ಅಂತ ಪಾಪ, ಗೋಡೆಯುದ್ದದ ತೊಟ್ಟಿ ಇಡಿಸಿದರು. ‘ಇದೂ ಕೈಕೊಟ್ರೆ ಬೋರ್ಡ್ ಇಳಿಸಿ ಊರಿಗೆ ಹೋಗೋದೇ’ ಅಂದಿದ್ದರು.

ವಾರದೊಳಗೆ ಫೋನು ಬಂತು. ‘ನೀರು ಬೆಳ್ಳಗಾಗಿಬಿಟ್ಟಿದೆ ಕಣ್ರೀ! ಏನು ಹಾಕ್ಲಿ?’

‘ಏನೂ ಬೇಡ ಡಾಕ್ಟ್ರೇ. ಕಾಯಿರಿ, ತಾನಾಗೇ ಹೋಗುತ್ತೆ.’

‘ಅದೆಂಗ್ರೀ ತಾನಾಗೇ ಹೋಗುತ್ತೆ? ಒಂದು ಮೆಡಿಸಿನ್ ಇರಲ್ವಾ? ಸ್ಟ್ರಾಂಗ್ ಆಗಿರೋದು ಏನಾದ್ರೂ ಒಂದು ಹಾಕ್ರೀ!’

ಅಂದವರೇ ದನಿ ತಗ್ಗಿಸಿದರು: ‘ನಮ್ಮ ಪೇಶೆಂಟ್‌ಗಳ ಕಷ್ಟ ಈಗ ಗೊತ್ತಾಯ್ತು ಬಿಡಿ.’

ಬಂದವರ ಉಪಚಾರ

ಡಾಕ್ಟ್ರೇನೋ ಕೈಕಟ್ಟಿ ಕೂತರು. ಮೀನಿನ ನೆಪಕ್ಕೆ ಬೆಂಚಿಗೆ ಬಂದವರು ಕೂರಬೇಕಲ್ಲ! ನಮ್ಮ ಕಡೆ ಜೀವ ಅಂತ ಕಣ್ಣಿಗೆ ಬಿದ್ದರೆ ಏನಾದರೂ ತಿನ್ನಿಸದೆ ಹೋಗುವುದು ಅವಮಾನ. ಒಬ್ಬರು ಬಿಸ್ಕತ್ತು, ಇನ್ನೊಬ್ಬರು ಮಂಡಕ್ಕಿ. ನಾನು ನೋಡಲು ಹೋದ ದಿನ ಒಬ್ಬ ಯಜಮಾನರು ಇಡ್ಲಿ ಮುರಿದು ಹಾಕುತ್ತಿದ್ದರು. ನೀರು ಇನ್ನಷ್ಟು ಕೆಟ್ಟಿತ್ತು.

ಕೋಪ ನೆತ್ತಿಗೇರಿತು. ‘ಸ್ವಾಮೀ, ಅದಕ್ಕೆ ಇಡ್ಲಿ ಹಾಕಬಾರದು!’ ಅಂದೆ.

‘ಹೌದಾ?’ ಅಂತ ಅವರು ಗಾಬರಿಯಾಗಿ, ‘ಚಟ್ನಿ ಹಚ್ಚಿಲ್ಲ ಕಣಪ್ಪಾ’ ಅಂದರು.

ಇಷ್ಟಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನೆಗಡಿಯಾದ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಅಮೃತಾಪುರದ ಅಜ್ಜಿಯೊಬ್ಬರು ತೊಟ್ಟಿಯನ್ನು ದಿಟ್ಟಿಸಿ ನೋಡಿ, ‘ತನ್ನ ಮೀನನ್ನೇ ನೆಟ್ಟಗೆ ಮಾಡ್ಕೊಳ್ದೋನು ನಮ್ ಮಗೂನ ಏನು ನೋಡ್ತಾನೆ, ನಡೀಯೇ’ ಅಂತ ಸೊಸೆಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಒಳಗಿದ್ದ ಡಾಕ್ಟ್ರಿಗೆ ಅದು ಕೇಳಿಸಿತು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಬಿದ್ದಿದ್ದ ಇಡ್ಲಿಯನ್ನೆಲ್ಲ ಬಲೆಯಲ್ಲಿ ಎತ್ತಿ, ಮೇಲಿನ ಮುಚ್ಚಳಕ್ಕೆ ಬೀಗ ಹಾಕಿ ಬಂದೆ.

ಅಜ್ಜಿಯ ತೀರ್ಮಾನ

ಆಮೇಲೊಂದು ದಿನ ಫಿಲ್ಟರ್ ನೋಡಲು ಹೋದರೆ, ಅಬ್ಬಾ! ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ. ನಾನು ನಿಂತಿದ್ದಾಗಲೇ ಅದೇ ಅಜ್ಜಿ, ಅದೇ ಸೊಸೆ, ಅದೇ ಮಗು. ಈ ಸಲ ಜ್ವರ. ಮುಂದಿನ ಬೀದಿಯ ಡಾಕ್ಟ್ರು ಊರಲ್ಲಿರಲಿಲ್ಲವಂತೆ.

ಅಜ್ಜಿ ತೊಟ್ಟಿಯ ಮುಂದೆ ನಿಂತುಬಿಟ್ಟರು. ‘ಏನಪ್ಪಾ ಡಾಕ್ಟ್ರೇ, ಇದಕ್ಕೆ ಏನ್ ಹಾಕ್ದೆ?’

‘ಏನೂ ಹಾಕ್ಲಿಲ್ಲ ಅಜ್ಜಿ. ಕಾದೆ.’

ಅಜ್ಜಿ ನನ್ನ ಕಡೆ ತಿರುಗಿದರು. ‘ದೇವರಾಣೆ ಏನೂ ಹಾಕಿಲ್ಲ ಕಣಮ್ಮಾ’ ಅಂದೆ.

ಡಾಕ್ಟ್ರು ಮಗುವನ್ನು ಚೆನ್ನಾಗಿ ಪರೀಕ್ಷೆ ಮಾಡಿ, ಜ್ವರದ ಸಿರಪ್ ಬರೆದು, ‘ಗಂಜಿ ಕುಡಿಸಿ, ಎರಡು ಮೂರು ದಿನ ಕಾಯಿರಿ. ಮಗು ಸುಸ್ತಾದ್ರೆ ತಕ್ಷಣ ಕರ್ಕೊಂಡು ಬನ್ನಿ’ ಅಂದರು. ಅಂದವರು ಅಜ್ಜಿಯ ಮುಖವನ್ನೇ ನೋಡಿದರು. ಈ ಅಜ್ಜಿ ಎದ್ದು ಹೋದರೆ ಇಡೀ ಅಮೃತಾಪುರವೇ ಹೋದ ಹಾಗೆ.

ಅಜ್ಜಿ ಮಗುವನ್ನು ನೋಡಿದರು, ಮೀನನ್ನು ನೋಡಿದರು. ‘ಆಯ್ತು ಕಣಪ್ಪಾ. ಸೂಜಿ ಬ್ಯಾಡ. ಕಾಯ್ತೀವಿ.’

ಡಾಕ್ಟ್ರ ಮುಖ ಅರಳಿದ್ದನ್ನು ನೋಡಬೇಕಿತ್ತು! ಸೊಸೆ ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು.

‘ಎಲ್ಲಿಗೆ ಹೊಂಟೆ?’ ಅಂದರು ಅಜ್ಜಿ.

‘ಮನೆಗೆ ಅತ್ತೆ. ಬಸ್ಸಿಗೆ ಹೊತ್ತಾಯ್ತು.’

‘ಮನೆಗಾ? ಮೀನೇನು ಮನೆಗೆ ಹೋಗಿ ಕಾಯ್ತಾ? ಡಾಕ್ಟ್ರ ಕಣ್ಣೆದುರಿಗೇ ಇತ್ತು ಕಣೇ, ಅದಕ್ಕೇ ವಾಸಿಯಾಗಿದ್ದು. ಕೆಳಗಿಡು ಬ್ಯಾಗು. ಆ ತೊಟ್ಟಿ ಪಕ್ಕ ಒಂದು ಚಾಪೆ ಹಾಸು.’