ಪಾಸ್ಟರ್ ಸಾಹೇಬರಿಗೆ ನಾನು ಕೊಡಿಸಿದ ನಿದ್ದೆ

ಒಬ್ಬ ಮನುಷ್ಯನನ್ನು ಮಲಗಿಸುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಉಮರ್ಗಾದಲ್ಲಿ ನನ್ನದು ದರ್ಜಿ ಅಂಗಡಿ. ಆ ವರ್ಷವಷ್ಟೇ ನಮ್ಮ ಚರ್ಚಿನ ಸಭೆಯ ಹಿರಿಯನಾಗಿ ಆರಿಸಿಬಂದಿದ್ದೆ. ಉತ್ಸಾಹ ಇನ್ನೂ ಹೊಸದು.

ನಮ್ಮ ಪಾಸ್ಟರ್ ಪ್ರಭುದಾಸರು ಭೂಕಂಪವಾದಾಗಿನಿಂದ ನೆಟ್ಟಗೆ ಮಲಗಿರಲಿಲ್ಲ. ಸಾಸ್ತೂರದ ಕಡೆ ಮನೆ ಕಳೆದುಕೊಂಡು ತಗಡಿನ ಶೆಡ್ಡುಗಳಲ್ಲಿದ್ದ ಜನ ಕಣ್ಣು ಮುಚ್ಚಲು ಹೆದರುತ್ತಿದ್ದರು. ಇವರು ಹೋಗಿ ಜೊತೆಗೆ ಕೂತು, ಅವರಿಗೆ ನಿದ್ದೆ ಹತ್ತಿದ ಮೇಲೆ ಏಳುತ್ತಿದ್ದರು. ಮನೆಗೆ ಬಂದರೆ ಬಾಗಿಲಲ್ಲಿ ಇನ್ನಿಬ್ಬರು ಕಾದಿರುತ್ತಿದ್ದರು.

ಒಂದು ಭಾನುವಾರ "ಕರುಣೆಯುಳ್ಳ ತಂದೆಯೇ..." ಎಂದು ಪ್ರಾರ್ಥನೆ ಶುರು ಮಾಡಿದವರು ಅಲ್ಲಿಗೇ ನಿಂತರು. ಮೌನ ಪ್ರಾರ್ಥನೆ ಇರಬೇಕೆಂದು ನಾವೆಲ್ಲ ಭಕ್ತಿಯಿಂದ ತಲೆ ಬಗ್ಗಿಸಿದೆವು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು!

ಎಲ್ಲರೂ ನಕ್ಕರು. ನನ್ನ ಹೆಂಡತಿ ಮಾರ್ಥಾ ನಗಲಿಲ್ಲ. "ನಾಳಿಗೆ ಗಾಡಿ ಹೊಡಿವಾಗ ಹಿಂಗ ಕಣ್ ಮುಚ್ಚಿದ್ರ ಏನ್ ಗತಿರಿ?" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆರಾಧನೆ ಮುಗಿಯುವಷ್ಟರಲ್ಲಿ ಯೋಜನೆ ತಯಾರು. ಎದ್ದು ನಿಂತು ಗಂಭೀರವಾಗಿ ಪ್ರಕಟಿಸಿದೆ: "ಪ್ರಿಯರೇ, ಪಾಸ್ಟರ್ ಸಾಹೇಬರು ಮಂಗಳವಾರ ದಾಳಿಂಬ ಗ್ರಾಮದಲ್ಲಿ, ನನ್ನ ಹೆಂಡತಿಯ ಅಣ್ಣನವರ ಹೊಲದಲ್ಲಿ, ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ವಿಶ್ರಾಂತಿ ತೆಗೆದುಕೊಳ್ಳುವರು. ದಯವಿಟ್ಟು ಯಾರೂ ಅಲ್ಲಿಗೆ ಬರಕೂಡದು!"

ಮಾರ್ಥಾ ಹಣೆ ಹಿಡಿದುಕೊಂಡಳು. ಯಾಕೆಂದು ನನಗೆ ತಿಳಿಯಲಿಲ್ಲ.

ಮಂಗಳವಾರ ತೊಗರಿ ಹೊಲವೆಲ್ಲ ಹಳದಿ ಹೂ. ದುಂಬಿಗಳ ಗುಂಯ್‌ಗುಟ್ಟುವಿಕೆ ದೂರದಲ್ಲಿ ಯಾರೋ ಜೋಗುಳ ಹಾಡಿದಂತಿತ್ತು. ಬಿಸಿಲು ಬೇವಿನ ಎಲೆಗಳ ನಡುವಿಂದ ಸೋಸಿ ಬರುತ್ತಿತ್ತು. ಪಾಸ್ಟರ್ ಹೊರಸಿನ ಮೇಲೆ ಮಲಗಿದರು. ನಾನು ಬಡಿಗೆ ಹಿಡಿದು ಕಾವಲಿಗೆ ನಿಂತೆ.

ಅಷ್ಟರಲ್ಲಿ ಗುಂಜೋಟಿಯಿಂದ ಒಂದು ಆಟೋ ಬಂತು. ಒಳಗೆ ಒಂಬತ್ತು ಜನ!

"ಯೋಹಾನಣ್ಣ, ನಾವ್ ಮಾತಾಡ್ಸಂಗಿಲ್ರಿ," ಎಂದಳು ಮುದುಕಿ ರಾಹೇಲಮ್ಮ. "ಮಲ್ಕೊಂಡಿದ್ ನೋಡಿ ಹೋಗ್ತೀವಿ, ಅಷ್ಟಾ."

ಹೊರಸಿನ ಸುತ್ತ ಕೂತು ನೋಡತೊಡಗಿದರು. "ಅಯ್ಯ, ಎಷ್ಟ್ ಸೊರಗ್ಯಾರ!" ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ನಿದ್ದೆ ಗಟ್ಟಿಯಾಗಲೆಂದು ರಾಹೇಲಮ್ಮ ಮೆಲ್ಲಗೆ ಒಂದು ಕೀರ್ತನೆ ಎತ್ತಿಕೊಂಡಳು. ಎರಡನೆಯ ಚರಣಕ್ಕೆ ಒಂಬತ್ತೂ ಜನ ಸೇರಿದರು. ಮರದ ಗಿಳಿಗಳು ಹಾರಿಹೋದವು. ಪಾಸ್ಟರ್ ಮರ್ಯಾದೆಗೆ ಕಣ್ಣು ಮುಚ್ಚಿಯೇ ಇದ್ದರು. ಕಾಲಿನ ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು!

ನನಗೆ ತಡೆಯಲಾಗಲಿಲ್ಲ. "ಸುಮ್ನಿರ್ರಿ! ಪಾಸ್ಟರ್ ಮಲ್ಕೊಂಡಾರ!" ಎಂದು ಗರ್ಜಿಸಿದೆ. ಪಕ್ಕದ ಹೊಲದ ಎತ್ತು ಬೆದರಿ ಕಣ್ಣಿ ಹರಿದುಕೊಂಡಿತು.

ಪಾಸ್ಟರ್ ಎದ್ದು ಕೂತರು. "ಯೋಹಾನಣ್ಣ, ಇನ್ನ ಎಚ್ಚರ ಆತು ಬಿಡ್ರಿ," ಎಂದು ಜನರನ್ನು ಬಾವಿಯ ಕಡೆ ಕರೆದುಕೊಂಡು ಹೋದರು. ಒಬ್ಬೊಬ್ಬರ ಕಷ್ಟ ಕೇಳುತ್ತ ಕೂತರು.

ಅವರ ಜಾಗವನ್ನು ಬೇರೆ ಯಾರೂ ಹಿಡಿಯಬಾರದಲ್ಲ? ನಾನು ಹೊರಸಿನ ಮೇಲೆ ಕೂತೆ. ಆಮೇಲೆ ಒರಗಿದೆ. ಕೇವಲ ಕಾವಲಿಗಾಗಿ!

ಹೊರಸು ನಿಧಾನವಾಗಿ ನೆಲ ಬಿಟ್ಟು ಮೇಲೆದ್ದಿತು. ಹಳದಿ ಹೊಲಗಳ ಮೇಲೆ ತೇಲುತ್ತ ಸಾಸ್ತೂರದ ಕಡೆ ಸಾಗಿತು. ಅಲ್ಲಿ ಒಂದೊಂದು ಶೆಡ್ಡಿನಲ್ಲೂ ಜನ ಹೆದರಿಕೆಯಿಲ್ಲದೆ ಮಲಗಿದ್ದರು. ಪಾಸ್ಟರ್ ಸಹ ಮಗುವಿನಂತೆ ಮಲಗಿದ್ದರು. ಲೋಕದಲ್ಲಿ ಎಚ್ಚರವಿದ್ದವನು ನಾನೊಬ್ಬನೇ. ಎಂಥ ಜವಾಬ್ದಾರಿ!

ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ನನ್ನ ಮೇಲೆ ಪಾಸ್ಟರರ ಶಾಲು. ಅವರು ತಲೆಯ ಬಳಿ ಕೂತು, ಬೇವಿನ ಟೊಂಗೆಯಿಂದ ನನ್ನ ಮುಖದ ನೊಣ ಓಡಿಸುತ್ತಿದ್ದರು. ಎರಡನೆಯ ಆಟೋದಿಂದ ಇಳಿಯುತ್ತಿದ್ದವರಿಗೆ ತುಟಿಯ ಮೇಲೆ ಬೆರಳಿಟ್ಟು ಹೇಳುತ್ತಿದ್ದರು: "ಸಾವಕಾಶ ಬರ್ರಿ. ಸಭೆದ ಹಿರಿಯರು ಮಲ್ಕೊಂಡಾರ. ಭಾಳ ದಣದಾರ."

ಮಾರ್ಥಾ ಎಲ್ಲ ಕೇಳಿದಳು. ಮರುದಿನವೇ ನಾಲ್ವರು ಹೆಂಗಸರನ್ನು ಕೂಡಿಸಿ, ಶೆಡ್ಡುಗಳಿಗೆ ಹೋಗಿ ಕೂರುವ ಪಾಳಿ ಹಂಚಿದಳು. ಮುಂದಿನ ಸೋಮವಾರ ಪಾಸ್ಟರ್ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ತಾನೇ ಕೂತಳು. ಬಂದವರಿಗೆ, "ಏನದ, ನನ್ ಮುಂದ ಹೇಳ್ರಿ," ಎನ್ನುವಳು. ಮುಕ್ಕಾಲು ಜನ ಅವಳ ಮುಂದೆಯೇ ಹೇಳಿ, ಹಗುರಾಗಿ ಮನೆಗೆ ಹೋದರು. ಪಾಸ್ಟರ್ ಮಧ್ಯಾಹ್ನ ನಾಲ್ಕರ ತನಕ ಮಲಗಿದರು.

"ಮತ್ತ ನನಗೇನ್ ಕೆಲಸ?" ಎಂದು ಕೇಳಿದೆ.

ಅವಳು ಮೊರದಿಂದ ಒಂದು ಹರಳು ಆರಿಸಿ ಎಸೆದಳು. "ನೀವು ಅಂಗಡ್ಯಾಗ ಕೂಡ್ರಿ."

ಆ ಸೇವೆಯನ್ನು ಇಂದಿಗೂ ತಪ್ಪದೆ ಮಾಡುತ್ತಿದ್ದೇನೆ. ಸಭೆಯಲ್ಲಿ ಎಲ್ಲರಿಗೂ ಬಹಳ ತೃಪ್ತಿಯಿದೆಯಂತೆ!