ದರ್ಜಿಯವರ ಹಿಮಕವಚ

ನಲವತ್ತು ವರ್ಷ ಸೂಜಿ ಹಿಡಿದು ಊರಿನ ಮಾನ ಮುಚ್ಚಿದ ದರ್ಜಿಯವರ ಮಾನವನ್ನು ಈಗ ಇನ್ನೊಂದು ಸೂಜಿ ಕಳೆಯಲು ಹೊರಟಿತ್ತು.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆಂದು ಡಾಕ್ಟರು ಮೂರು ತಿಂಗಳಿಗೊಮ್ಮೆ ಹೊಟ್ಟೆಗೆ ಹಾರ್ಮೋನ್ ಸೂಜಿ ಬರೆದಿದ್ದರು. ರೋಗವೇನೋ ಬಾಲ ಮುದುರಿಕೊಂಡಿತ್ತು. ಆದರೆ ದರ್ಜಿಯವರಿಗೆ ಕೂತಲ್ಲಿ ಬೆಂಕಿ, ನಿಂತಲ್ಲಿ ಬೆವರು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುವ ಹೊತ್ತಿಗೇ ಎದೆಯಿಂದ ಕಾವೆದ್ದು, ಕಿವಿ ಕೆಂಪಾಗಿ, ಮೂಗಿನ ತುದಿಯಿಂದ ಹನಿಯೊಂದು ತೊಟ್ಟಿಕ್ಕುತ್ತಿತ್ತು. ಅಳುವಂತೂ ಹೇಳದೆ ಕೇಳದೆ ಬರುವ ನೆಂಟ. ಮೊನ್ನೆ ದಾರದ ಉಂಡೆ ಮುಗಿಯಿತೆಂದು (ಬರೀ ನೀಲಿ ದಾರ!) ಬಿಕ್ಕಿ ಬಿಕ್ಕಿ ಅತ್ತಿದ್ದರು.

ಹೆಂಡತಿಗೆ ಹೇಳಿಕೊಳ್ಳೋಣವೆಂದರೆ ಹಿಂದಿನ ಪಾಪ ಅಡ್ಡ ಬರುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಆಕೆ ಇದೇ ಕಾವಿಗೆ ಕಿಟಕಿ ತೆರೆದಾಗ, "ಎಲ್ಲ ನಿನ್ನ ಭ್ರಮೆ ಕಣೇ" ಎಂದು ಕಂಬಳಿಯೊಳಗಿಂದ ಅಪ್ಪಣೆ ಕೊಡಿಸಿದ ಮಹಾಜ್ಞಾನಿ ಇವರೇ.

"ಏನ್ರೀ, ಫ್ಯಾನಿನ ಕೆಳಗೆ ನಿಂತು ಅಂಗಿ ಒದರ್ತಾ ಇದೀರಾ?"

"ಧೂಳು."

"ಧೂಳಿಗೆ ಮುಖ ಯಾಕೆ ಬೀಟ್‌ರೂಟ್ ಆಗುತ್ತೆ?"

ದರ್ಜಿಯವರು ಸಿಡಿದರು. "ನಾಳೆ ಸೂಜಿ ಹಾಕಿಸ್ಕೊಳ್ಳಲ್ಲ. ಮುಗೀತು!"

ಆಕೆಯ ಕೈಯ ಪಾತ್ರೆ ಕೈಯಲ್ಲೇ ನಿಂತಿತು. "ಮೊನ್ನೆ ದಾರಕ್ಕೆ ಅತ್ತದ್ದೂ ನೋಡಿದೀನಿ. ಬೆವರಿದ್ರೆ ಒರೆಸ್ತೀನಿ. ಅತ್ರೆ ಪಕ್ಕದಲ್ಲಿ ಕೂರ್ತೀನಿ. ನೀವೇ ಇಲ್ದೆ ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಡಾಕ್ಟರಿಗೆ ಹೇಳಿ."

"ಹೆಂಗಸರ ಕಾಯಿಲೆ ಬಂದಿದೆ ಅಂತ ಹೇಳ್ಲಾ? ನನ್ನ ಹತ್ರ ಒಂದು ಉಪಾಯ ಇದೆ. ಫಲಿಸಿದ್ರೆ ಸೂಜಿ. ಇಲ್ದಿದ್ರೆ ನರ್ಸಮ್ಮನಿಗೆ ಕೈಮುಗಿದು ಬಂದ್ಬಿಡ್ತೀನಿ."

ಕಾಲರಿನೊಳಗೆ ಇಡುವ ದಪ್ಪ ಕ್ಯಾನ್ವಾಸಿನಲ್ಲಿ ಎಂಟು ಜೇಬಿನ ಬನಿಯನ್ ಸಿದ್ಧವಾಯಿತು. ಜೇಬಿಗೊಂದು ಮಂಜುಗಡ್ಡೆ, ಮೇಲೆ ಅಂಗಿ. ಹಿಮಕವಚ! ಆ ಕ್ಯಾನ್ವಾಸಿನ ತುಂಬ ಗಂಜಿ ಇರುತ್ತದೆಂದು ದರ್ಜಿಯೇ ಮರೆಯುವುದುಂಟೇ ಎಂದು ಕೇಳಬೇಡಿ. ತಲೆ ಕಾದಾಗ ಬುದ್ಧಿಯೂ ಬೆವರಿನ ಜೊತೆ ಇಳಿದುಹೋಗುತ್ತದೆ.

ಮರುದಿನ ಹೆಂಡತಿಯ ಜೊತೆ ಆಸ್ಪತ್ರೆಯ ಸಾಲಿನಲ್ಲಿ ಕೂತಾಗ ಮೊದಲ ಹತ್ತು ನಿಮಿಷ ಸ್ವರ್ಗಸುಖ. ಆಮೇಲೆ ಮಂಜು ಕರಗಿತು, ಗಂಜಿ ಕರಗಿತು, ಎರಡೂ ಕೂಡಿ ಪ್ಯಾಂಟಿನ ದಾರಿ ಹಿಡಿದವು. ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದು ಒಂದು ಕುರ್ಚಿ ಆಚೆ ಸರಿದರು. ಅಷ್ಟರಲ್ಲಿ ಒಳಗಿನ ಕಾವೆದ್ದು ಎಲ್ಲವನ್ನೂ ಇಸ್ತ್ರಿ ಮಾಡಿತು. ಅಂಗಿ, ಬನಿಯನ್, ಎದೆಯ ಕೂದಲು ಏಕವಾಗಿ ಅಂಟಿದವು.

"ಅಜ್ಜ, ಅಂಗಿ ಎತ್ತಿ," ಎಂದರು ನರ್ಸಮ್ಮ. ಎತ್ತಿದರೆ ಅಂಗಿಯ ಜೊತೆ ಅಜ್ಜನೇ ಎದ್ದರು.

"ಇದೇನು, ಪ್ಲಾಸ್ಟರ್ ಹಾಕ್ಕೊಂಡಿದಾರಾ?"

"ಉಪಾಯ ಹಾಕ್ಕೊಂಡಿದಾರೆ," ಎಂದಳು ಹೆಂಡತಿ.

"ಫಲಿಸ್ಲಿಲ್ಲ. ನಡಿ ಮನೆಗೆ," ಎಂದು ದರ್ಜಿಯವರು ತಲೆತಗ್ಗಿಸಿದರು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಮನೆಗಾದ್ರೂ ಇದನ್ನ ಬಿಡಿಸ್ಕೊಂಡೇ ಹೋಗ್ಬೇಕು," ಎಂದು ನರ್ಸಮ್ಮ ಬ್ಯಾಂಡೇಜು ಕತ್ತರಿ ಎತ್ತಿಕೊಂಡರು.

ದರ್ಜಿಯವರು ಕಿರುಚಿದರು. "ಆ ಮೊಂಡು ಕತ್ತರಿ ನನ್ನ ಹೊಲಿಗೆಗಾ? ಬೇಡ ತಾಯೀ! ಚುಚ್ಚೋದಾದ್ರೆ ಚುಚ್ಚಿ, ಕತ್ತರಿ ಮಾತ್ರ ಇಡಬೇಡಿ!"

"ನಿಜವಾಗ್ಲೂ ಚುಚ್ಚಲಾ?"

"ಚುಚ್ಚಿ ಅಂದ್ನಲ್ಲ!"

ಬಿಸಿನೀರಿನ ಬಟ್ಟೆಯಿಂದ ಹೆಂಡತಿ ಗೇಣಗಲ ಹೊಟ್ಟೆ ಬಿಡಿಸಿಕೊಟ್ಟಳು. ಬಿಡಿಸುತ್ತ ಬಿಡಿಸುತ್ತ ಬೆವರು, ಅಳು, ದಾರದ ಉಂಡೆ ಎಲ್ಲವನ್ನೂ ವರದಿ ಮಾಡಿದಳು. ಸೂಜಿ ಇಳಿಯಿತು.

"ಈ ಸೂಜಿಗೆ ಎಷ್ಟೋ ಗಂಡಸರಿಗೆ ಹೀಗಾಗುತ್ತೆ ಅಜ್ಜ. ಕಾವಿಗೆ ಮಾತ್ರೆ ಇದೆ, ಡಾಕ್ಟರಿಗೆ ಹೇಳ್ತೀನಿ. ಮೊದ್ಲೇ ಬಾಯಿಬಿಡಬಾರದಿತ್ತಾ?"

ಉಳಿದದ್ದನ್ನೂ ನೆನೆಸಿ ಬಿಡಿಸಿ, ಒದ್ದೆ ಬಟ್ಟೆ ಕಳಚಿಸಿ, ಆಸ್ಪತ್ರೆಯ ಗೌನು ತೊಡಿಸಿದರು. ದರ್ಜಿಯವರ ಕಣ್ಣು ತಕ್ಷಣ ಅಂಚಿಗೆ ಹೋಯಿತು. "ಯಾವ ಪುಣ್ಯಾತ್ಮ ಹೊಲಿದದ್ದು ಇದನ್ನ? ಮುಂದೆ ಗೋಡೆ, ಹಿಂದೆ ಬಾಗಿಲು! ಮುಂದಿನ ಸೂಜಿಗೆ ಬರುವಾಗ ಸರಿ ಮಾಡಿ ತರ್ತೀನಿ."

ಮಾತು ತಮ್ಮ ಕಿವಿಗೇ ಬೀಳುವಷ್ಟರಲ್ಲಿ ತಡವಾಗಿತ್ತು.

"ಸಿಸ್ಟರ್, ತಾರೀಖು ಬರ್ಕೊಳ್ಳಿ," ಎಂದಳು ಹೆಂಡತಿ, ಸೆರಗಿನಲ್ಲಿ ಕಣ್ಣೊರೆಸುತ್ತ. "ಹೇಳಿದ ದಿನಕ್ಕೆ ಒಬ್ಬ ಗಿರಾಕಿಗೂ ಬಟ್ಟೆ ಕೊಟ್ಟವರಲ್ಲ ಇವರು. ಇದೊಂದು ದಿನ ತಪ್ಪೋಕೆ ನಾನು ಬಿಡಲ್ಲ."

ದರ್ಜಿಯವರು ಘನಗಂಭೀರವಾಗಿ ಬೆನ್ನು ತಿರುಗಿಸಿ ಹೊರನಡೆದರು. ಗೌನಿನ ಹಿಂಬಾಗಿಲು ಹಾರುಹೊಡೆದಿದೆ ಎಂಬುದು ಸಾಲಿನಲ್ಲಿ ಕೂತವರ ನಗು ಕೇಳಿದ ಮೇಲೆಯೇ ಅವರಿಗೆ ತಿಳಿದದ್ದು.