ಮೂರು ಇಂಚಿನ ಸಿಟ್ಟು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ನಾನೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಹೆಂಡತಿ ಸುಮಾ ಹೇಳುತ್ತಾಳೆ. ಆದರೆ ಸಿಟ್ಟಿನಲ್ಲೊಂದು ಸುಖವಿದೆ; ಎದುರಿನವನೇ ತಪ್ಪು ಮಾಡಿದ್ದಾನೆಂಬ ಖಾತ್ರಿ ಇರಬೇಕು, ಅಷ್ಟೆ. ಅಮೆರಿಕದ ಸಮರ್‌ಸೆಟ್‌ನಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗವಾದ್ದರಿಂದ ಆ ಖಾತ್ರಿಗೆ ನನಗೆಂದೂ ಕೊರತೆಯಾಗಿಲ್ಲ.

ಈ ಬೇಸಿಗೆಯಲ್ಲಿ ಹಳೆಯದೊಂದು ಫಿಫ್ತ್ ವೀಲ್ ಟ್ರೇಲರ್ ಕೊಂಡೆ. ಅಂದರೆ ಪಿಕಪ್ ಟ್ರಕ್ಕಿನ ಬೆನ್ನಿಗೆ ಮೂತಿ ಸಿಕ್ಕಿಸಿಕೊಂಡು ಹಿಂದೆ ಬರುವ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಗಾಲಿಮನೆ. ರಿವರ್ಸ್ ಮಾಡಲು ಇನ್ನೂ ಕೈ ಪಳಗಿರಲಿಲ್ಲ. ಹಾಗಾಗಿ ರಸ್ತೆಯಿಂದ ಮನೆ ಮುಂದಿನ ಡ್ರೈವ್‌ವೇಗೆ ನೇರವಾಗಿ ನುಗ್ಗಿಸಿ, ಟ್ರಕ್ಕನ್ನು ಗರಾಜಿನ ಬಾಗಿಲ ಹತ್ತಿರ ನಿಲ್ಲಿಸಿದೆ. ಗಾಲಿ ಇದ್ದರೇನು, ಮನೆ ಮನೆಯೇ ಎಂದು ಸುಮಾ ಒಳಗೆ ಹಾಲುಕ್ಕಿಸಿದಳು. ಉಕ್ಕಿದ ಹಾಲಷ್ಟೂ ಹಿಂದಕ್ಕೆ ಹರಿಯಿತು. ಮೂತಿ ಮೇಲೆ, ಬಾಲ ಕೆಳಗೆ! ಹೀಗೆಯೇ ಎಳೆದರೆ ಹಿಂದಿನ ಟೈರುಗಳ ಮೇಲೆ ಭಾರ ಬಿದ್ದು ಅವು ಸವೆದುಹೋಗುತ್ತವೆ. ಮಾರಿದವನನ್ನು ಮನಸಾರೆ ಬೈದೆ. ಅಳೆದು, ಎಕ್ಸೆಲ್ಲಿಗೆ ಹಾಕಿ ನೋಡಿದೆ: ಬಾಲ ಮೇಲೇಳಬೇಕಾದರೆ ಟ್ರೇಲರನ್ನು ಗಾಲಿಗಳ ಮೇಲೆ ಹೊತ್ತಿರುವ ಸಸ್ಪೆನ್ಷನ್ ಮೂರು ಇಂಚು ಎತ್ತರವಾಗಬೇಕು.

ಮೆಕ್ಯಾನಿಕ್ ನನ್ನ ಹಾಳೆಯನ್ನು ನೋಡಿ, ಒಂದು ಸಲ ನಮ್ಮ ಶೆಡ್ಡಿನ ನೆಲದ ಮೇಲೆ ಅಳೆಯೋಣವೇ ಎಂದು ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ಸಲ ಅಳೆದಿದ್ದೇನೆ, ಹೇಳಿದಷ್ಟು ಮಾಡು ಎಂದೆ. ಪಾಪ, ಮಾಡಿಕೊಟ್ಟ.

ಆ ಶನಿವಾರವೇ ಹನ್ನೆರಡು ಕನ್ನಡ ಸಂಸಾರಗಳ ಪಿಕ್‌ನಿಕ್. ಎಲ್ಲರಿಗೂ ನಮ್ಮ ಟ್ರೇಲರಿನಲ್ಲೇ ದೋಸೆ ಎಂದು ತಿಂಗಳಿಂದ ಡಂಗುರ ಹೊಡೆದಿದ್ದವನು ನಾನೇ. ಪಾರ್ಕಿನ ಮಟ್ಟಸವಾದ ಪಾರ್ಕಿಂಗ್ ಲಾಟಿನಲ್ಲಿ, ಟ್ರಕ್ಕಿನಿಂದ ಬಿಚ್ಚದೆಯೇ ನಿಲ್ಲಿಸಿದೆ. ಸುಮಾ ಕಾವಲಿಗೆ ಹುಯ್ದ ಹಿಟ್ಟು ಸುಮ್ಮನೆ ಟ್ರಕ್ಕಿನ ಕಡೆಗೆ ಸರಿಯಿತು, ಎಣ್ಣೆಯೂ ಅದರ ಬೆನ್ನು ಹತ್ತಿತು. ದೋಸೆ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಹಸಿ. ಹೊರಗೆ ತಟ್ಟೆ ಹಿಡಿದು ನಿಂತಿದ್ದ ಹುಬ್ಬಳ್ಳಿಯ ಪಾಟೀಲ್ ಅಂಕಲ್ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

"ಏನ್ರೀ, ನಿಮ್ಮ ಗಾಡಿ ನಮಸ್ಕಾರ ಮಾಡಾಕತ್ತೈತಲ್ರೀ."

ನಕ್ಕವರ ಮೇಲೆಲ್ಲ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಆ ಮೆಕ್ಯಾನಿಕ್ಕಿನ ಮೇಲೆ. ಅವನನ್ನು ತರಾಟೆಗೆ ತೆಗೆದುಕೊಳ್ಳಲು ಫೋನ್ ತೆಗೆದೆ. ಸುಮಾ ಸೌಟು ಕೆಳಗಿಟ್ಟಳು.

"ರೀ, ನೀವು ಅಳೆದಿದ್ದು ಎಲ್ಲಿ?"

"ಇನ್ನೆಲ್ಲಿ, ನಮ್ಮ ಡ್ರೈವ್‌ವೇನಲ್ಲಿ."

"ಕಾರು ತೊಳೆದ್ರೆ ನೀರೆಲ್ಲ ರೋಡಿಗೆ ಓಡತ್ತಲ್ಲ, ಅದೇ ಡ್ರೈವ್‌ವೇನಾ?"

ಫೋನ್ ಜೇಬಿಗಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಫೀಸಿನಲ್ಲಿ ಎಷ್ಟು ಜನರನ್ನು ಹಂಗಿಸಿದ್ದೇನೋ ಲೆಕ್ಕವಿಲ್ಲ. ಈಗ ನನ್ನ ಪಾಲಿಗೆ ನಿಜವಾಗಿಯೂ ನೆಲವೇ ಡೊಂಕಾಗಿತ್ತು, ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಹನ್ನೆರಡು ಸಂಸಾರಗಳೂ ಅರ್ಧ ಬೆಂದ ದೋಸೆ ತಿಂದು, ಚಟ್ನಿಯನ್ನು ಮಾತ್ರ ಹೊಗಳಿದವು.

ಸೋಮವಾರ ಮತ್ತೆ ಮೆಕ್ಯಾನಿಕ್ಕಿನ ಮುಂದೆ ನಿಂತು, ಮೂರು ಇಂಚು ಇಳಿಸಿಕೊಡು ಎಂದೆ. ಆತ ನಗಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ.